ಪಾಠ ಹದಿನೇಳು

ದುರ್ಗಿಗುಡಿ. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ನಕಲು ತೆಗೆದಾಗೆಲ್ಲ
ನನ್ನ ಕರಿಹಲಗೆ ಸಣ್ಣಗೆ ನಡುಗುತ್ತದೆ.

ಇವತ್ತು ವಿಮರ್ಶೆಯ ಪದಗಳು, ಅಂದೆ.
‘ಅಂದ್ರೆ ಬೈಗುಳಾನಾ ಮಿಸ್?’
ಬೋನಿಫಾಸ ಕೇಳಿದ, ಮೀನು ಮಾರ್ಕೆಟ್ಟಿನವನು,
ಕೈಗೆ ನಿಂಬೆಸಿಪ್ಪೆ ತಿಕ್ಕಿಕೊಂಡೇ ಕ್ಲಾಸಿಗೆ ಬರುವವನು.
ಅಲ್ಲಪ್ಪ, ಬೈಗುಳಕ್ಕೆ ಇಸ್ತ್ರಿ ಮಾಡಿದರೆ ಆಗುತ್ತಲ್ಲ, ಅದು.

ಬರೆದೆ: ಟೀಡಿಯಸ್.
‘ನಮ್ಮ ಡಿಪೋದ ಸನ್ಮಾನ ಸಭೆ’
ಕಂಡಕ್ಟರ್ ಗಾಮಪ್ಪ ಬರೆದುಕೊಂಡ, ಅಡಿಗೆರೆ ಎಳೆದ.
ಬ್ಲ್ಯಾಂಡ್. ‘ರೋಗಿಗೆ ಕೊಡೋ ಗಂಜಿ’
ನೈಟ್ ಡ್ಯೂಟಿಯ ತಬಸ್ಸುಮ್, ಆಕಳಿಕೆಯ ನಡುವೆ.
ಓವರ್‌ರೇಟೆಡ್ ಅಂದರೆ
ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಹಾಗೆ, ಅಂದೆ.
ಆಗುಂಬೆಯ ನಳಿನಾಕ್ಷಿ ತಕರಾರು ಎತ್ತಿದಳು:
‘ನಮ್ಮಲ್ಲಿ ಬೆಟ್ಟ ಬಾಗಿಲಲ್ಲೇ ಇದೆ ಮಿಸ್,
ನುಣ್ಣಗೆ ಕಾಣುವಷ್ಟು ದೂರ ಹೋಗೋಕೆ
ಸಂಜೆ ಬಸ್ಸಿಲ್ಲ.’

ಗ್ರಿಪ್ಪಿಂಗ್: ಹಿಡಿದರೆ ಬಿಡದ್ದು.
‘ಇಂಬಳ!’ ಮೂವರು ಒಟ್ಟಿಗೆ.
ಒಳ್ಳೆಯ ಪುಸ್ತಕಕ್ಕೆ ಹೇಳುವ ಮಾತು ಅದು, ಅಂದರೆ
ಯಾರೂ ನಂಬಲಿಲ್ಲ. ಒಬ್ಬ ಕಾಲು ಮೇಲೆತ್ತಿ ಕೂತ.

ಒಂದು ಪದ ಪಟ್ಟಿಯಲ್ಲಿತ್ತು, ನಾನು ಬರೆಯಲಿಲ್ಲ.
ಇಪ್ಪತ್ತೆರಡರ ವಯಸ್ಸು, ರೇಡಿಯೋ ನಾಟಕದ ದನಿಪರೀಕ್ಷೆ,
ಗಾಜಿನಾಚೆ ಕೂತ ಯಾರೋ ನನ್ನ ಹೆಸರಿನೆದುರು
ಹಸಿರು ಶಾಯಿಯಲ್ಲಿ ಬರೆದಿದ್ದರು: ಅಡಿಕ್ವೇಟ್.
ಮನೆಗೆ ಬಂದು ಅರ್ಥಕೋಶ ತೆಗೆದೆ. ಸಾಕಷ್ಟು.
ಯಾರಿಗೆ ಸಾಕು, ಎಷ್ಟಕ್ಕೆ ಸಾಕು
ಅರ್ಥಕೋಶದಲ್ಲಿರಲಿಲ್ಲ.

‘ನಮ್ಮಲ್ಲಿ ಪದ ಬೇಡ ಮಿಸ್’ ಅಂದ ಬೋನಿಫಾಸ.
‘ಕಣ್ಣು ನೋಡ್ತಾರೆ. ಕಿವಿರು ಎತ್ತಿ ನೋಡ್ತಾರೆ.
ಬೆರಳಲ್ಲಿ ಒತ್ತಿ, ಗುಳಿ ಹಾಗೇ ಉಳಿದ್ರೆ
ಸುಮ್ಮನೆ ಮುಂದಿನ ಅಂಗಡಿಗೆ.
ಮೀನಿಗೂ ಬೇಜಾರಿಲ್ಲ, ನಂಗೂ ಇಲ್ಲ.’
ಆಮೇಲೆ, ಪೆನ್ನಿನ ಮುಚ್ಚಳ ಹಾಕುತ್ತ,
‘ನಂಗೆ ಸ್ವಲ್ಪ ಇದೆ.’

ಕೊನೆಗೆ ಅರ್ಧರ್ಧ ಹಾಳೆ ಹಂಚಿದೆ.
ನನ್ನ ಕ್ಲಾಸಿನ ಬಗ್ಗೆ ಬರೆಯಿರಿ, ಕಲಿತ ಪದದಲ್ಲೇ,
ಹೆಸರು ಬೇಡ, ಹೆದರಿಕೆಯೂ ಬೇಡ.
ಹನ್ನೊಂದು ಹಾಳೆಯಲ್ಲಿ ಎಕ್ಸಲೆಂಟ್,
ಅದರಲ್ಲಿ ನಾಲ್ಕು, ನಾಲ್ಕು ಬೇರೆ ಬೇರೆ ಸ್ಪೆಲ್ಲಿಂಗು.
ಹನ್ನೆರಡನೆಯದಕ್ಕೆ ನಿಂಬೆಯ ವಾಸನೆ.
ಇಂಗ್ಲಿಷ್ ಅಕ್ಷರದಲ್ಲಿ, ಒಂದು ಎಲ್ ಕಡಿಮೆಯಾಗಿ,
ಪರವಾಗಿಲ.

ಕೆಂಪು ಪೆನ್ನು ಹಿಡಿದು ಕೂತೆ.
ಬಿದ್ದು ಮಂಡಿ ಕೆತ್ತಿಸಿಕೊಂಡವರು ಹೇಳುವುದು ಇದೇ,
ಸಾರಿಗೆ ಉಪ್ಪು ಹೆಚ್ಚಾದಾಗ ಭಾವ ಹೇಳುವುದು ಇದೇ,
ಹೆಣ್ಣು ನೋಡಿ ಹೊರಟವರು ಮೆಟ್ಟಿಲಲ್ಲಿ
ಚಪ್ಪಲಿ ಹುಡುಕುತ್ತ ಹೇಳುವುದೂ.
ಹಲಗೆ ತುಂಬ ಪದಗಳಿದ್ದವು. ಒಂದೊಂದನ್ನೂ
ಇದರ ಪಕ್ಕಕ್ಕೆ ಇಟ್ಟು ನೋಡಿದೆ, ಕೂರಲಿಲ್ಲ.
ಬಿಟ್ಟುಹೋದ ಎಲ್ ಸೇರಿಸಿದೆ. ಅಂಕ ಕೊಡಲಿಲ್ಲ.

ಕೆಳಗಿಳಿದರೆ ಷಟರ್ ಅರ್ಧ ಎಳೆದಿದ್ದರು.
ಸ್ಕೂಟರಿನ ಹಿಂದೆ ಖಾಲಿ ಬುಟ್ಟಿ ಕಟ್ಟುತ್ತಿದ್ದ ಅವನು,
ತಲೆ ಎತ್ತದೆ:
‘ನಾಳೆ ಹೊಗಳೋ ಪದಗಳಾ ಮಿಸ್?’
ಹೌದು, ಅಂದೆ. ಅವು ಕಡಿಮೆ ಇವೆ,
ಅರ್ಧ ಗಂಟೆ ಸಾಕು.