ಸೊನ್ನೆಯ ಪಾಠಾಂತರ

ಹದಿನಾರು ಪುಟದ ಒಂದೇ ಕಥೆಯ
ಮೂರು ಮುದ್ರಣ ಸಿಕ್ಕಿವೆ ನನಗೆ.
ಒಂದಕ್ಕೆ ನಾಲ್ಕಾಣೆ, ಒಂದಕ್ಕೆ ಇಪ್ಪತ್ತೈದು ಪೈಸೆ,
ಮೂರನೆಯದರ ಬೆಲೆ ಇದ್ದ ಮೂಲೆಯನ್ನು
ಯಾವುದೋ ಕೂಸು ಅಗಿದುಬಿಟ್ಟಿದೆ.

ಅವ್ವ ಬೇಡವೆಂದರೂ ಹಳ್ಳ ದಾಟುವ ಆಡಿನ ಮರಿ,
ಆಚೆ ದಂಡೆಗೆ ತೋಳ.
ನಾಲ್ಕಾಣೆಯದರ ಕೊನೆಯ ಸಾಲು:
ತೋಳ ಮರಿಯನ್ನು ತಿಂದಿತು.
ಅದರ ಕೆಳಗೊಂದು ಗೆರೆ,
ಗೆರೆಯ ಕೆಳಗೆ ದಪ್ಪಕ್ಷರದಲ್ಲಿ ನೀತಿ:
ಹಿರಿಯರ ಮಾತು ಮೀರಿದವರಿಗೆ ಇದೇ ಗತಿ.

ಆಣೆ ಹೋಗಿ ಪೈಸೆ ಬಂದಾಗ
ತೋಳ ಮರಿಯನ್ನು ಬಿಟ್ಟಿತು.
ನೀತಿ ಮಾತ್ರ ಕದಲಿಲ್ಲ.
ಇದೇ ಗತಿ, ಅನ್ನುತ್ತಲೇ ಇದೆ,
ಮರಿ ಆಗಲೇ ಮನೆ ಮುಟ್ಟಿದ್ದರೂ.

ಈ ಒಂದು ಕ್ರಿಯಾಪದದ ಮೇಲೆ
ಧಾರವಾಡದ ಗ್ರಂಥಾಲಯದ ಕಿಟಕಿಗೆ ಕೂತು
ಮೂವತ್ತೆರಡು ಪುಟ ಬರೆದೆ.
ಬೆತ್ತ ಕೆಳಗಿಟ್ಟ ಕಾಲ, ಹೊಸ ದೇಶ, ಹೊಸ ಮಗು,
ಶಿಕ್ಷೆಯಿಂದ ಕಕ್ಕುಲಾತಿಗೆ ಹೊರಳಿದ ಬಾಲಸಾಹಿತ್ಯ,
ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಅಡಿಟಿಪ್ಪಣಿ.
ಅಣ್ಣಿಗೇರಿ ಮೇಡಂ ಎಲ್ಲ ಓದಿ
ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆದರು:
ಅಚ್ಚು ಜೋಡಿಸಿದವರನ್ನ ಭೆಟ್ಟಿ ಆಗೀಯೇನು?

ಬೆಟಗೇರಿಯ ಓಣಿ. ದೂರದಲ್ಲೊಂದು ಮಗ್ಗ ಕೆಮ್ಮುತ್ತಿತ್ತು.
ರಾಜೇಸಾಬ ನದಾಫರಿಗೆ ಎಂಬತ್ತೊಂಬತ್ತು.
ಮೊಳೆ ಹಿಡಿದು ಹಿಡಿದು ಹೆಬ್ಬೆರಳು ಇನ್ನೂ ಒಂದು ಕಡೆಗೇ ವಾಲುತ್ತದೆ.
ಪುಸ್ತಕ ಕೊಟ್ಟೆ. ತಲೆಕೆಳಗಾಗಿ ಹಿಡಿದು
ಸರಾಗ ಓದಿದರು. ಆಮೇಲೆ ನೆನಪಾಗಿ ನಕ್ಕು ತಿರುಗಿಸಿದರು.

"ದೊಡ್ಡ ಕಾರಣ ಏನಿಲ್ರಿ ಅಕ್ಕಾರ.
ಕೊನೀ ಪುಟಕ್ಕ ಬರೋದ್ರಾಗ ಸೊನ್ನಿ ತೀರಿದ್ವು.
ಮುನ್ಸಿಪಾಲ್ಟಿ ನೋಟೀಸಿನ್ಯಾಗ ಎಲ್ಲಾ ಸಿಕ್ಕೊಂಡಿದ್ವು.
ತಿಂದಿತು ಅನ್ನಾಕ ಸೊನ್ನಿ ಬೇಕ.
ಬಿಟ್ಟಿತು ಅನ್ನಾಕ ಬ್ಯಾಡ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕೇಳಾಕ ಬಂದ ಹುಡುಗಿಗೆ ಸುಳ್ಳ ಹೇಳಬ್ಯಾಡ್ರಿ.
ಪ್ರೂಫು ಮನಿಗೆ ತಂದಿದ್ರಿ, ಜೈತುನ್ ಓದಿದ್ಲು.
ಎರಡ ದಿನ ಗಂಗಾಳ ಮುಟ್ಟಲಿಲ್ಲ ಕೂಸು."

ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು.
"ಸೊನ್ನಿನೂ ತೀರಿದ್ವು," ಅಂದರು.

ಮೂವತ್ತೆರಡು ಪುಟ ಚೀಲದಲ್ಲೇ ಇದ್ದವು.
ಚಹಾ ಕುಡಿದು ಎದ್ದೆ.
ಬಸ್ಸಿನಲ್ಲಿ ಆ ಕೊನೆಯ ಪುಟವನ್ನು ಬೆರಳಿಟ್ಟು ತಡಕಿದೆ:
ನಿಜಕ್ಕೂ ಒಂದೇ ಒಂದು ಸೊನ್ನೆಯಿಲ್ಲ.
ಮೊದಲು "ಕಂಡು" ಇದ್ದಲ್ಲಿ ಈಗ "ನೋಡಿ."
ಹಾಗಂತ ಜೈತುನ್ ಉಂಡಿದ್ದಳೆಂದೇನೂ ಅಲ್ಲ.

ಮೂರನೆಯದು ನರೇಗಲ್ಲಿನ ಹೆಣ್ಣುಮಕ್ಕಳ ಶಾಲೆಯ ಕಪಾಟಿನದು.
ಅಷ್ಟರಲ್ಲಿ ನದಾಫರು ಆ ಪ್ರೆಸ್ಸು ಬಿಟ್ಟಿದ್ದರು.
ಯಾರೋ ಶ್ರದ್ಧಾವಂತರು ಮೂಲ ತೆಗೆದು ತಾಳೆ ನೋಡಿದ್ದಾರೆ,
ತೋಳ ಮತ್ತೆ ತಿಂದಿದೆ.
ಆದರೆ ನೀಲವ್ವ ಸಿದ್ದಪ್ಪ ಗೋಣಿ, ಮೂರನೇ ಇಯತ್ತೆ,
ಬೆರಳಿಗೆ ಉಗುಳು ಹಚ್ಚಿ ಸೊನ್ನೆಯನ್ನು ತಿಕ್ಕಿದ್ದಾಳೆ,
ಸೊನ್ನೆ ಇದ್ದಲ್ಲಿ ಸೊನ್ನೆಯಷ್ಟೇ ತೂತು.
ಪಕ್ಕದ ದಿ-ಗೆ ನೀಲಿ ಶಾಯಿಯ ಒಂದು ಒತ್ತು,
ಬಾವಿಗೆ ಕೊಡ ಇಳಿಬಿಟ್ಟ ಹಾಗೆ.

ತೋಳ ಮರಿಯನ್ನು ತಿದ್ದಿತು.

ಕಾಗುಣಿತದ ತಪ್ಪೋ, ಕೀಟಲೆಯೋ,
ತಿದ್ದುವುದೆಂದರೆ ತಿನ್ನುವುದೇ ಎಂದು
ಮೊಣಕಾಲ ಮೇಲೆ ಪಾಟಿ ಇಟ್ಟುಕೊಂಡು ಕಂಡುಕೊಂಡಳೋ,
ಮೇಡಂ ಕೇಳುತ್ತಾರೆ. ನನಗೆ ಗೊತ್ತಿಲ್ಲ.
ಗ್ರಂಥಸೂಚಿಯಲ್ಲಿ ವಿಮರ್ಶಕರ ಸಾಲಿಗೆ ಸೇರಿಸಿದ್ದೇನೆ:
ಗೋಣಿ, ನೀಲವ್ವ ಸಿ. ವರ್ಷ ತಿಳಿಯದು.

ಪುಟದ ಜೆರಾಕ್ಸ್ ತೆಗೆಸಿದರೆ ಒಂದು ತೊಂದರೆ.
ಹಿಂದಿನ ರಟ್ಟಿನ ಬಣ್ಣ ತೂತಿನಲ್ಲಿ ಕರ್ರಗೆ ಬಿದ್ದು
ಅಳಿಸಿದ ಸೊನ್ನೆ ವಾಪಸು ಬಂದು ಕೂರುತ್ತದೆ.
ಅಂಗಡಿಯ ಹುಡುಗನಿಗೆ ಹೇಳಿ
ಪುಟದ ಹಿಂದೆ ಒಂದು ಬಿಳಿ ಹಾಳೆ ಇಡಿಸಿದೆ.