ಐದನೆಯ ಕುರ್ಚಿ

ಆರು ತಿಂಗಳು ನಾನು ಹೊರಗೇ ಕೂತಿದ್ದೆ,
ಕೋಟು ತೂಗುಹಾಕುವ ಗೂಟಗಳ ಕೆಳಗೆ,
ಒದ್ದೆ ಬೂಟುಗಳ ಸಾಲಿನ ಪಕ್ಕ.
ಗಾಜಿನ ತೊಟ್ಟಿಯಲ್ಲಿ ಮೀನು ಹನ್ನೊಂದು,
ಒಂದಕ್ಕೆ ಬಾಲ ಹರಿದಿತ್ತು.
ಬಾಗಿಲಾಚೆ ಅಮ್ಮ ಅಳುವುದು ಕೇಳುತ್ತಿತ್ತು,
ಅಪ್ಪ ಕೆಮ್ಮುವುದು.
ಬರಬರುತ್ತಾ ಟ್ರೊಮ್ಸೋದಲ್ಲಿ ಸೂರ್ಯನಿಗೂ ರಜೆ;
ಮಧ್ಯಾಹ್ನ ಎರಡಕ್ಕೇ ಕಿಟಕಿ ಕಪ್ಪು,
ಅದರೊಳಗಿಂದ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು.

ಇವತ್ತು ಮಾರೆತ್ ಬಾಗಿಲು ತೆರೆದು
"ಯೂರುನ್, ನೀನೂ ಬಾ" ಅಂದಳು.
ಕುರ್ಚಿ ನಾಲ್ಕೇ ಇದ್ದವು.
ಪಕ್ಕದ ಕೋಣೆಯಿಂದ ಒಂದನ್ನು ಎಳೆದು ತಂದಳು,
ನೆಲ ಕಿರುಗುಟ್ಟಿತು,
ಎಲ್ಲರೂ ಅಷ್ಟಷ್ಟು ಸರಿದರು.

"ಮೊದಲು ಗೊತ್ತಾದದ್ದು ಯಾರಿಗೆ?"
ಅಮ್ಮ ಅಪ್ಪನನ್ನು ನೋಡಿದಳು, ಅಪ್ಪ ಕಾರ್ಪೆಟ್ಟನ್ನು.
ಸಿಂದ್ರೆ ನನ್ನ ಕಡೆ ಬೆರಳು ತೋರಿಸಿದ.

ಹೌದು, ನನಗೆ.
ಮೇಲಿನ ಮಂಚದಿಂದ ಕೆಳಗಿನ ಮಂಚಕ್ಕೆ
ಕತ್ತಲಲ್ಲಿ ಇಳಿದು ಬಂದ ಪಿಸುಮಾತು:
"ನಾನು ನಿನ್ನ ಅಕ್ಕ ಅಲ್ಲ ಕಣೇ, ಅಣ್ಣ."
ನನಗಾಗ ಒಂಬತ್ತು.
"ಸರಿ, ಮಲಗು," ಅಂದೆ, "ನಾಳೆ ಈಜು ಇದೆ."
ಎಂಟು ತಿಂಗಳು ಆ ಮಾತನ್ನು
ಬಾಯಿ ತುಂಬ ನೀರು ಹಿಡಿದವಳ ಹಾಗೆ ಹೊತ್ತೆ.
ಊಟಕ್ಕೆ ಕೂತಾಗ ಯಾರಾದರೂ ಆ ಹೆಸರು ಕರೆದರೆ
ಮೇಜಿನಡಿ ಅವನ ಕಾಲು ತುಳಿದೆ,
ನಾನಿದ್ದೇನೆ ಅಂತ.

ಅಕ್ಕ ಅಣ್ಣನಾಗಲು ಒಂದಕ್ಷರ ಸಾಕು.
ನಾಲಿಗೆಗೆ ಭಾರವಾದದ್ದು ಅದಲ್ಲ.

ಒಂದು ಭಾನುವಾರ ಗೋಡೆಯ ಫೋಟೊಗಳನ್ನು ಇಳಿಸಿದರು,
ಅವನಿಗೆ ನೋವಾಗಬಾರದಂತೆ. ಸರಿಯೇ.
ಆದರೆ ಅವುಗಳಲ್ಲಿ ನಾನೂ ಇದ್ದೆ,
ಸ್ಲೆಡ್ಜಿನ ಮೇಲೆ, ಮುಂದಿನ ಹಲ್ಲಿಲ್ಲದೆ.
ಈಗ ಮೊಳೆ ಮಾತ್ರ.
ಅವನ ಫ್ರಾಕುಗಳೆಲ್ಲ ಒಂದೇ ಚೀಲದಲ್ಲಿ
ನನ್ನ ಹಾಸಿಗೆಗೆ ಬಂದು ಬಿದ್ದವು,
ಬೇಕೇ ಎಂದು ಯಾರೂ ಕೇಳಲಿಲ್ಲ.
ಶಾಲೆಯಲ್ಲಿ ಕೇಳುವವರಿಗೇನು ಕಡಿಮೆಯಿಲ್ಲ,
ಎಲ್ಲ ನನ್ನನ್ನೇ.
ಮತ್ತೆ, ಜಗಳ. ಅವನ ಜೊತೆ ಆಡುವ ಹಾಗಿಲ್ಲ,
ಈಗ ಅವನು ಗಾಜಿನ ಲೋಟ.
ನನ್ನ ಕಂದು ಚೀಸ್ ಪೂರ್ತಿ ಖಾಲಿಯಾದರೂ
"ಶ್, ಪಾಪ."

ಇದನ್ನೆಲ್ಲ ಹೇಳಿದೆನೋ, ಅರ್ಧ ಹೇಳಿದೆನೋ.
ಮೂಗು ಸೋರುತ್ತಿತ್ತು.
ಮಾರೆತ್ ಏನೂ ಬರೆದುಕೊಳ್ಳಲಿಲ್ಲ.
ಸಿಂದ್ರೆಯೇ ಅಂದ: "ಸ್ಲೆಡ್ಜಿನದು ಮತ್ತೆ ಹಾಕಿ.
ನಾನು ಏನು ತೊಟ್ಟಿದ್ದರೂ
ಹಗ್ಗ ಎಳೀತಿರೋದು ನಾನೇ ತಾನೆ."
ಸ್ವಲ್ಪ ಹೊತ್ತು ಬಿಟ್ಟು,
"ಚೀಸ್ ತಿಂದದ್ದು ಅಪ್ಪ."

ಅಪ್ಪ ಕೆಮ್ಮಿದ.

ಹೊರಗೆ ಹಿಮ ಕಲ್ಲಾಗಿತ್ತು. ಕಾರಿನ ತನಕ ಓಡಿದೆವು.
ಹಿಂದಿನ ಸೀಟುಗಳಲ್ಲಿ ಬಿಸಿಯಾಗುವುದು ಎಡಗಡೆಯದೊಂದೇ.
ನಾನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ
ಜಡೆ ಹಿಡಿದು ಎಳೆದ, ಜೋರಾಗಿಯೇ,
ನಾನು ಮೊಣಕೈಯಿಂದ ತಿವಿದೆ.
ಅಮ್ಮ ಅರ್ಧ ಗಳಿಗೆ ತಡೆದು
ಇಬ್ಬರಿಗೂ ಬೈದಳು.