ಶೇಕಡಾ ಒಂದರ ಗೆರೆ

ಕುಮಾಸಿಯ ಬಂತಾಮಾ ರಸ್ತೆ, ರಾತ್ರಿ ಎಂಟೂವರೆ.
ಕರೆಂಟು ಹೋಗಿ, ಬಂದು, ಮತ್ತೆ ಹೋಗಿದೆ.
ನನ್ನ ಔಷಧಿ ಅಂಗಡಿಯ ಕಟ್ಟೆಯ ಮೇಲೆ
ತವಿಯಾ ಎರಡು ಬಾಟಲಿ ನಿಲ್ಲಿಸಿದ್ದಾಳೆ.
ಮುಖ ತೊಳೆಯಲು ಯಾವುದು ಒಳ್ಳೆಯದು, ಡುಫಿಯೆ ಅಕ್ಕಾ?
ಒಂದಕ್ಕೆ ಇಪ್ಪತ್ತೆಂಟು ಸೀಡಿ, ಇನ್ನೊಂದಕ್ಕೆ ನೂರಾ ಹತ್ತು.
ದುಬಾರಿಯದರ ಎದೆಯ ಮೇಲೆ ಬಿಳಿ ಹೂ.
ಅಗ್ಗದ್ದರ ಎದೆ ಬೋಳು.

ಫೋನಿನ ಬೆಳಕು ಹಿಡಿ, ಎಂದೆ.
ಹೂ ಬಿಡುವುದು ಮುಂದೆ,
ಬಾಯಿ ಬಿಡುವುದು ಬೆನ್ನು.

ಮೊದಲು ನೀರು. ಎರಡರಲ್ಲೂ ನೀರೇ.
ಒಬ್ಬರು ಅದಕ್ಕೆ ಆಕ್ವಾ ಎಂದು ನಾಮಕರಣ ಮಾಡಿದ್ದಾರೆ, ಇರಲಿ.
ಹೂವಿನ ಬಾಟಲಿಯಲ್ಲಿ ನೀರಿನ ಪಕ್ಕಕ್ಕೇ
ಸೋಡಿಯಂ ಲಾರೆಥ್ ಸಲ್ಫೇಟ್, ನೊರೆಯ ಯಜಮಾನ:
ಜಿಡ್ಡು ಒರೆಸಲು ಕರೆದರೆ
ಗೋಡೆಯ ಸುಣ್ಣವನ್ನೂ ಕೆರೆದುಕೊಂಡು ಹೋಗುವವನು.
ಬೋಳು ಬಾಟಲಿಯಲ್ಲಿ ಆ ಜಾಗಕ್ಕೆ ಗ್ಲಿಸರಿನ್,
ಆಮೇಲೆ ಕೊಕಮಿಡೊಪ್ರೊಪಿಲ್ ಬೀಟೇನ್.
ಹೆಸರು ಕೇಳಿದರೆ ಮಕ್ಕಳು ಅಳಬೇಕು,
ಗುಣ ಮಾತ್ರ ಕೆನ್ನೆ ಸವರುವ ಅಜ್ಜಿಯದು.

ಪಂಕ್ತಿಯ ನಿಯಮ ಇಷ್ಟೇ, ತವಿಯಾ:
ಹೆಚ್ಚು ಇರುವವರು ಮುಂದೆ, ಕಡಿಮೆ ಇರುವವರು ಹಿಂದೆ.
ಶೇಕಡಾ ಒಂದಕ್ಕಿಂತ ಕೆಳಗಿಳಿದ ಮೇಲೆ
ಯಾರು ಎಲ್ಲಿ ಕೂತರೂ ಕೇಳುವವರಿಲ್ಲ.
ಆ ಗೆರೆಯನ್ನು ಯಾವ ಲೇಬಲ್ಲೂ ಎಳೆದು ತೋರಿಸುವುದಿಲ್ಲ.
ಫೀನಾಕ್ಸಿಎಥನಾಲ್ ಕಂಡಲ್ಲಿ
ಗೆರೆ ಇಲ್ಲೇ ಎಲ್ಲೋ ಎಂದು ನನ್ನ ಅಂದಾಜು.
ನಿನ್ನ ಹೂವನ್ನು ಹುಡುಕು ಈಗ.

ಅವಳ ಬೆರಳು ಇಳಿಯಿತು, ಇಳಿಯಿತು,
ಸುಗಂಧಕ್ಕಿಂತ ಹಿಂದೆ, ಬಣ್ಣದ ನಂಬರಿಗಿಂತ ಮುಂದೆ ನಿಂತಿತು.
ಅಂದರೆ ಈ ಹೂವಿಗೆ ಎಂಬತ್ತೆರಡು ಸೀಡಿಯೇ!
ಮದುವೆ ಬಟ್ಟೆ ಹೊಲಿಯುವ ಹುಡುಗಿ,
ಲೆಕ್ಕ ತಪ್ಪುವುದಿಲ್ಲ.

ನಗುತ್ತಲೇ ಚೀಲಕ್ಕೆ ಕೈ ಹಾಕಿ
ಹಳೆ ಪತ್ರಿಕೆಯಲ್ಲಿ ಸುತ್ತಿದ ಕರೀ ಮುದ್ದೆ ತೆಗೆದಳು.
ಕೆಜೆಟಿಯಾ ಸಂತೆಯಲ್ಲಿ ಕೊಂಡದ್ದು.
ಇದಕ್ಕೆ ಬೆನ್ನೂ ಇಲ್ಲ, ಅಕ್ಷರವೂ ಇಲ್ಲ. ಇದನ್ನೂ ಓದಿ.

ಓದುವುದೇನು, ನಾನು ಇದರಲ್ಲೇ ಬೆಳೆದವಳು.
ಬಿಸಿಲಿಗೆ ಒಣಗಿದ ಬಾಳೆಸಿಪ್ಪೆ, ಕೋಕೋ ಕಾಯಿಯ ಚಿಪ್ಪು,
ಸುಟ್ಟ ಬೂದಿ, ಬೂದಿ ಸೋಸಿದ ನೀರು,
ತಾಳೆಬೀಜದ ಎಣ್ಣೆ, ದಿನವಿಡೀ ತಿರುವುವ ರಟ್ಟೆ.
ಕೊನಾಡು ಅತ್ತೆಯ ರಟ್ಟೆ.
ಔಷಧಶಾಸ್ತ್ರ ಓದಿಸಿದ ಫೀಸು ಈ ಮುದ್ದೆಯಿಂದಲೇ ಬಂದದ್ದು.

ಆದರೂ ಚೂರು ಕರಗಿಸಿ ಬಣ್ಣದ ಕಾಗದ ಅದ್ದಿದೆ.
ಕಡುನೀಲಿ. ಹತ್ತರ ಹತ್ತಿರ.
ಚರ್ಮ ಎಂದರೆ ಕೆಂಕೆ ಮಾಡಲು ಇಟ್ಟ ಜೋಳದ ಹಿಟ್ಟಿನ ಹಾಗೆ
ಒಂಚೂರು ಹುಳಿ ಇರಬೇಕು, ಐದರ ಸುತ್ತಮುತ್ತ.
ಹೊರಗೆ ಹರ್ಮಟಾನ್ ಗಾಳಿ ಮರಳು ತೂರುತ್ತಿತ್ತು.
ಇದು ಮುಖಕ್ಕೆ ಬೇಡ, ಎಂದೆ. ಈ ತಿಂಗಳಂತೂ ಬೇಡ.
ಯಾರ ಅಂಗಡಿಯದು ಎಂದು ಗೊತ್ತೆಂಬುದನ್ನು
ಹೇಳಲಿಲ್ಲ.

ಭಾನುವಾರ ಅತ್ತೆಯ ಹಿತ್ತಲಿಗೆ ಹೋದೆ,
ಕಾಗದದ ಪಟ್ಟಿ ಕಿಸೆಯಲ್ಲಿ, ಕಳ್ಳಿಯ ಹಾಗೆ.
ಹೇಳಿದೆ. ಸೌಟು ನಿಲ್ಲಲಿಲ್ಲ.
ನೀನು ಹುಟ್ಟುವ ಮೊದಲೇ ನನ್ನ ಕೆನ್ನೆಗೆ ಗೊತ್ತಿತ್ತು ಕಣೇ.
ಸೋಪಿನ ಪಕ್ಕಕ್ಕೆ ಶಿಯಾ ಬೆಣ್ಣೆಯ ಉಂಡೆ ಏಕೆ ಇಡುತ್ತೇನೆ,
ಚಂದಕ್ಕೆಯೇ?
ಯಾರದು, ಆ ದರ್ಜಿ ಹುಡುಗಿಯೇ?
ಅವಳು ಸೋಪಿಗೂ ಚೌಕಾಸಿ ಮಾಡಿದಳು, ಬೆಣ್ಣೆ ಬೇಡವೆಂದಳು.

ನಾನು ಪಟ್ಟಿ ತೆಗೆದು ಬೂದಿನೀರಿನತ್ತ ಚಾಚಿದೆ.
ಅತ್ತೆ ತಾನೇ ಬೆರಳು ಅದ್ದಿ
ನಾಲಿಗೆಯ ತುದಿಗೆ ಮುಟ್ಟಿಸಿ
ತಟ್ಟನೆ ಪಕ್ಕಕ್ಕೆ ಉಗಿದಳು.
ಇವತ್ತಿನದು ಕಟು. ಇನ್ನೊಂದು ಚೊಂಬು ಎಣ್ಣೆ ತಾ.
ನಿನ್ನ ಕಾಗದ ಏನನ್ನುತ್ತದೆ, ಅದನ್ನೂ ಹೇಳು.